ಗುಜರಿಯವರು ಬಿಟ್ಟು ಹೋದದ್ದನ್ನು ಯಾರು ಒಯ್ಯಬೇಕು?

ನಮ್ಮ ಕಡೆ ಹಳೆ ಸಾಮಾನು ಮರುಬಳಕೆಗೆ ಹೋಗುವುದು ಸರ್ಕಾರ ಕಲಿಸಿದ್ದಲ್ಲ. ಮಂಗಳೂರಿನಿಂದ ಉಡುಪಿವರೆಗೆ ಯಾವ ಓಣಿಗೆ ಬೇಕಾದರೂ ಹೋಗಿ, ಗುಜರಿಯವರು ಬಂದೇ ಬರುತ್ತಾರೆ. ಪೇಪರ್, ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ, ಕೆಟ್ಟ ಮಿಕ್ಸಿ, ಹಳೆ ಬ್ಯಾಟರಿ, ಒಡೆದ ಬಕೆಟ್, ಎಲ್ಲವನ್ನೂ ತೂಕಕ್ಕೆ ಹಾಕಿ ಕೈಗೆ ದುಡ್ಡು ಕೊಟ್ಟು ಒಯ್ಯುತ್ತಾರೆ. ಅದಕ್ಕೆ ಕಾನೂನೂ ಬೇಕಾಗಿಲ್ಲ, ಜಾಗೃತಿ ಜಾಥಾವೂ ಬೇಕಾಗಿಲ್ಲ. ಲಾಭ ಇದೆ, ನಡೆಯುತ್ತದೆ.

ತೊಂದರೆ ಇರುವುದು ಅವರು ಬಿಟ್ಟು ಹೋಗುವುದರಲ್ಲಿ.

ನಮ್ಮಲ್ಲಿಗೆ ಬರುವವರು ಗೇಟಿನ ಹತ್ತಿರವೇ ಗೋಣಿ ಸುರಿದು ಕುಕ್ಕರಗಾಲಲ್ಲಿ ಕೂರುತ್ತಾರೆ. ಕೈ ಎಷ್ಟು ಬೇಗ ಓಡುತ್ತದೆ ಅಂದರೆ ಸುಮ್ನೆ ನೋಡುತ್ತಾ ನಿಲ್ಲಬೇಕು ಅನಿಸುತ್ತದೆ. ನೀರಿನ ಬಾಟಲಿ ಈ ಕಡೆ, ಎಣ್ಣೆಯ ಕ್ಯಾನ್ ಈ ಕಡೆ, ರಟ್ಟಿನ ಪೆಟ್ಟಿಗೆ ತುಳಿದು ಚಪ್ಪಟೆ ಮಾಡಿ ಈ ಕಡೆ. ಆ ಕಡೆಗೆ ಬೀಳುವುದು ಚಿಪ್ಸ್ ಪ್ಯಾಕೆಟ್, ಬಿಸ್ಕೆಟ್ ಕವರ್, ಶಾಂಪೂ ಸ್ಯಾಶೆ, ಜ್ಯೂಸಿನ ಟೆಟ್ರಾ ಪ್ಯಾಕ್, ಟೂತ್‌ಪೇಸ್ಟ್ ಟ್ಯೂಬ್, ಉಪ್ಪಿನಕಾಯಿಯ ಗಾಜಿನ ಬಾಟಲಿ, ಥರ್ಮಾಕೋಲ್, ಹರಿದ ಚಪ್ಪಲಿ. ಹಾಲಿನ ತೊಟ್ಟೆ, ಅಂದರೆ ಪ್ಲಾಸ್ಟಿಕ್ ಕವರ್, ತೊಳೆದು ಒಣಗಿಸಿ ಕಟ್ಟಿಟ್ಟರೆ ಒಂದು ದಿನ ಒಯ್ಯುತ್ತಾರೆ, ಇನ್ನೊಂದು ದಿನ ಬೇಡ ಅನ್ನುತ್ತಾರೆ. ಗಾಜು ಮಾತ್ರ ಯಾವತ್ತೂ ಬೇಡ. "ಭಾರ ಜಾಸ್ತಿ, ರೇಟಿಲ್ಲ, ಕೈ ಬೇರೆ ಕೊಯ್ಯುತ್ತದೆ ಅಕ್ಕ." ಅವರು ಹೇಳುವುದು ಸರಿಯೇ. ಅವರು ವ್ಯಾಪಾರಕ್ಕೆ ಬಂದವರು, ಊರು ಕ್ಲೀನ್ ಮಾಡುವ ಗುತ್ತಿಗೆ ಹಿಡಿದವರಲ್ಲ.

ಹಾಗಾದರೆ ಆ ಕಡೆಯ ರಾಶಿಗೆ ದಾರಿ ಯಾವುದು? ಕರಾವಳಿಯ ತುಂಬಾ ಮನೆಗಳಲ್ಲಿ ಬಚ್ಚಲೊಲೆಯೇ ದಾರಿ. ಮಳೆಗಾಲದಲ್ಲಿ ಮಡಲು, ಗೆರಟೆ ಎಲ್ಲ ಥಂಡಿ ಹಿಡಿದಿರುತ್ತದೆ, ಹಂಡೆಯಡಿ ಬೆಂಕಿ ಹತ್ತುವುದಿಲ್ಲ. ಒಂದು ತೊಟ್ಟೆ ಸುರುಟಿ ಕಡ್ಡಿ ಗೀರಿ ಒಳಗಿಟ್ಟರೆ ಭಗ್ಗನೆ ಹಿಡಿಯುತ್ತದೆ. ಉರಿಯುವ ಪ್ಲಾಸ್ಟಿಕ್ ಕರಗಿ ಒಂದೊಂದೇ ಹನಿಯಾಗಿ ಬೂದಿಗೆ ಬೀಳುವಾಗ ಬರುವ ಚುಂಯ್ ಎಂಬ ಸದ್ದು, ಆ ವಾಸನೆ, ಇಲ್ಲಿ ಬೆಳೆದವರಿಗೆ ನಾನು ವಿವರಿಸಬೇಕಾಗಿಲ್ಲ. ಹಳೆ ಮನೆಗಳಲ್ಲಿ ಮಾತ್ರ ಅಂದುಕೊಳ್ಳಬೇಡಿ. ಗೀಸರ್, ಸೋಲಾರ್ ಎರಡೂ ಇರುವ ಮನೆಯ ಹಿತ್ತಿಲಲ್ಲೂ ಸಂಜೆ ಹೊತ್ತಿಗೆ ಸಣ್ಣಗೆ ಹೊಗೆ ಏಳುತ್ತದೆ. ಗಾಜು ತೆಂಗಿನ ಬುಡಕ್ಕೋ ಬೇಲಿಯಾಚೆಗೋ ಹೋಗುತ್ತದೆ. ಉಳಿದದ್ದು ತೋಡಿಗೆ. ಜೂನ್‌ನ ಮೊದಲ ದೊಡ್ಡ ಮಳೆಗೆ ತೋಡಿನದ್ದು ಹೊಳೆಗೆ, ಹೊಳೆಯದ್ದು ಸಮುದ್ರಕ್ಕೆ. ಬಲೆ ಎಳೆದರೆ ಬೂತಾಯಿ ಜೊತೆ ತೊಟ್ಟೆಯೂ ಬರುತ್ತದೆ ಅಂತ ಮೀನುಗಾರರು ಬೈಯುವುದು ಸುಮ್ಮನೆ ಅಲ್ಲ.

ಇದಕ್ಕೇ ನಾನು ಹೇಳುವುದು, ಒಣ ಕಸವನ್ನು ಮನೆ ಬಾಗಿಲಿನಿಂದ ಬೇರೆಯಾಗಿ ಒಯ್ದು, ಕೊನೆವರೆಗೂ ಬೇರೆಯಾಗಿಯೇ ಇಡುವುದು ಸ್ಥಳೀಯ ಸಂಸ್ಥೆಯ ಕಡ್ಡಾಯ ಕೆಲಸ ಆಗಬೇಕು. ಮಹಾನಗರ ಪಾಲಿಕೆ ಇರಲಿ, ನಗರಸಭೆ ಇರಲಿ, ಪಟ್ಟಣ ಪಂಚಾಯತ್ ಇರಲಿ, ಗ್ರಾಮ ಪಂಚಾಯತ್ ಇರಲಿ. ಅನುದಾನ ಬಂದರೆ ಮಾಡುತ್ತೇವೆ, ಗಾಡಿ ಸಿಕ್ಕಿದರೆ ಮಾಡುತ್ತೇವೆ ಅನ್ನುವ ಹಾಗಿರಬಾರದು. ಮಾಡದಿದ್ದರೆ ಅವರಿಗೂ ಬಿಸಿ ತಟ್ಟಬೇಕು.

ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ ಮಾರಾಯ್ರೆ, ಬೇಕಾದಷ್ಟು ಇದೆ. ಬೆಂಗಳೂರಿನ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಕಸದ ವಿಷಯ ಹಿಡಿದು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, ಆ ಕೇಸಿನ ಬೆನ್ನಿಗೆ 2000ದಲ್ಲಿ ದೇಶಕ್ಕೆಲ್ಲ ಕಸದ ನಿಯಮ ಬಂತು. ಅದನ್ನು ಬದಲಿಸಿ 2016ರ ಏಪ್ರಿಲ್‌ನಲ್ಲಿ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಹಸಿ, ಒಣ, ಅಪಾಯಕಾರಿ ಅಂತ ಮೂರು ಭಾಗ ಮಾಡುವುದು ಮನೆಯವರ ಕೆಲಸ. ಬೇರೆ ಮಾಡಿದ್ದನ್ನು ಮನೆ ಮನೆಯಿಂದ ಸಂಗ್ರಹಿಸುವುದು, ಮುಚ್ಚಿದ ಗಾಡಿಯಲ್ಲಿ ಒಯ್ಯುವುದು, ಒಣ ಕಸ ವಿಂಗಡಿಸಲು ಜಾಗ ಮಾಡುವುದು, ಕಸ ಆಯುವವರನ್ನೂ ಗುಜರಿಯವರನ್ನೂ ಈ ವ್ಯವಸ್ಥೆಗೆ ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕೆಲಸ. ಮನೆ ಮನೆ ಸಂಗ್ರಹಕ್ಕೆ ಎರಡು ವರ್ಷ ಗಡುವು ಕೊಟ್ಟಿದ್ದರು. ಅಂದರೆ 2018ಕ್ಕೇ ಮುಗಿಯಬೇಕಿತ್ತು. ಈಗ 2026ರ ಹೊಸ ನಿಯಮ ಬಂದು ಮೂರು ಭಾಗ ನಾಲ್ಕಾಗಿದೆ. ಹಸಿ, ಒಣ, ಸ್ಯಾನಿಟರಿ, ವಿಶೇಷ ಜಾಗ್ರತೆ ಬೇಕಾದ ಕಸ. ನಾಲ್ಕು ಬಕೆಟ್ ಇಡಲು ನಾನು ತಯಾರಿದ್ದೇನೆ. ನಾಲ್ಕು ಖಾನೆ ಇರುವ ಗಾಡಿ ಎಲ್ಲಿ ಸ್ವಾಮಿ?

ನಿಯಮ ತಪ್ಪಿದ ಮನೆಯವರಿಗೆ ದಂಡ ಹಾಕುವುದು ಸುಲಭ. ರಸ್ತೆ ಬದಿ ಕಸ ಎಸೆದವರನ್ನು ಸಿಸಿಟಿವಿಯಲ್ಲಿ ಹಿಡಿದು ದಂಡ ಹಾಕಿದ ಸುದ್ದಿ ಪೇಪರಲ್ಲಿ ಆಗಾಗ ಫೋಟೋ ಸಮೇತ ಬರುತ್ತದೆ. ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಒಣ ಕಸದ ಗಾಡಿ ಬರಬೇಕಾದ ದಿನ ಬರಲೇ ಇಲ್ಲ ಅಂತ ಯಾರಿಗಾದರೂ ದಂಡ ಬಿದ್ದ ಸುದ್ದಿಯನ್ನು ನಾನಂತೂ ಓದಿಲ್ಲ. ದೊಡ್ಡ ಮಟ್ಟದ ದಂಡ ಬಿದ್ದದ್ದುಂಟು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಸ ಮತ್ತು ಕೊಳಚೆ ನೀರು ಸರಿಯಾಗಿ ನಿಭಾಯಿಸಲಿಲ್ಲ ಅಂತ ಕರ್ನಾಟಕ ಸರ್ಕಾರಕ್ಕೆ 2,900 ಕೋಟಿ ರೂಪಾಯಿ ಪರಿಹಾರ ಕಟ್ಟಲು ಹೇಳಿತು. ಅಷ್ಟು ದೊಡ್ಡ ಮೊತ್ತ ಕೇಳಿಯೂ ನಮ್ಮ ಓಣಿಗೆ ಬರುವ ಗಾಡಿಗೆ ಒಂದು ತಗಡಿನ ಅಡ್ಡಗೋಡೆ ಬರಲಿಲ್ಲ.

ಆ ಗಾಡಿಯ ವಿಷಯ ಹೇಳುತ್ತೇನೆ. ನಮ್ಮದು ಮಂಗಳೂರು ಮತ್ತು ಉಡುಪಿ ನಡುವಿನ ಒಂದು ಊರು, ಹೆಸರು ಬೇಡ, ಸುಮ್ನೆ ಗಾಡಿಯವರಿಗೆ ತೊಂದರೆ. ವಾರಕ್ಕೊಮ್ಮೆ ಒಣ ಕಸ ಅಂತ ಚೀಟಿ ಹಂಚಿದ್ದಾರೆ. ನಾನು ತೊಟ್ಟೆ ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ, ಟೆಟ್ರಾ ಪ್ಯಾಕ್ ಬಿಡಿಸಿ ಚಪ್ಪಟೆ ಮಾಡಿ, ಗಾಜು ಪೇಪರಲ್ಲಿ ಸುತ್ತಿ ಬೇರೆ ಚೀಲದಲ್ಲಿ ಕೊಡುತ್ತೇನೆ. ಗಾಡಿಯ ಹಿಂದೆ ನಿಂತವರು ಚೀಲ ತೆಗೆದುಕೊಂಡು, ನನ್ನ ಕಣ್ಣೆದುರೇ, ಪಕ್ಕದ ಹೋಟೆಲಿನ ಸಾಂಬಾರು ಸೋರುವ ಬಾಳೆಲೆಯ ಮೇಲೆ ಎಸೆಯುತ್ತಾರೆ. ಒಂದು ಸಲ ಕೇಳಿದೆ, ಅಣ್ಣ ಇದೆಂತ, ಬೇರೆ ಮಾಡಿ ಕೊಟ್ಟದ್ದಲ್ವಾ ಅಂತ. ಅವರು ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. "ದಾದ ಮಲ್ಪುನಿ ಅಕ್ಕ, ಉಪ್ಪುನು ಒಂಜೇ ಗಾಡಿ." ಇರುವುದು ಒಂದೇ ಗಾಡಿ, ಏನು ಮಾಡುವುದು. ಅವರ ಕೈಯಲ್ಲಿ ಗ್ಲೌಸ್ ಕೂಡ ಇರಲಿಲ್ಲ. ಆಮೇಲೆ ಅವರ ಹತ್ತಿರ ನಾನು ಜಗಳಕ್ಕೆ ಹೋಗಲಿಲ್ಲ. ಜಗಳ ಮಾಡಬೇಕಾದದ್ದು ಆ ಒಂದೇ ಗಾಡಿಯನ್ನು ಮಂಜೂರು ಮಾಡಿದ ಕಡತದ ಹತ್ತಿರ.

ಇದರ ಪರಿಣಾಮ ಏನಾಗುತ್ತದೆ ನೋಡಿ. ಪಕ್ಕದ ಮನೆಯವರು ಇದನ್ನು ನೋಡಿದರು. ಮರುವಾರದಿಂದ ಎಲ್ಲ ಒಂದೇ ತೊಟ್ಟೆಯಲ್ಲಿ ಕಟ್ಟಿ ಗೇಟಿಗೆ ನೇತು ಹಾಕಲು ಶುರು ಮಾಡಿದರು. ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಒಮ್ಮೆ ನಂಬಿಕೆ ಹೋದ ಮೇಲೆ ಆ ಮನೆಯವರ ಕೈಯಲ್ಲಿ ಮತ್ತೆ ಎರಡು ಬಕೆಟ್ ಇಡಿಸಬೇಕಾದರೆ ಬೀದಿ ನಾಟಕ, ಗೋಡೆ ಬರಹ, ಶಾಲಾ ಮಕ್ಕಳ ಮೆರವಣಿಗೆ ಯಾವುದೂ ಸಾಲುವುದಿಲ್ಲ. "ಜನರೇ ಸರಿ ಇಲ್ಲ" ಎಂಬ ಮಾತು ಅಧಿಕಾರಿಗಳ ಬಾಯಲ್ಲಿ ಯಾವಾಗಲೂ ಇರುತ್ತದೆ. ಜನ ಸರಿ ಇಲ್ಲದಿರುವುದೂ ನಿಜ, ಬೀದಿ ಬದಿಯ ರಾಶಿ ತಾನಾಗಿ ಹುಟ್ಟಿದ್ದಲ್ಲ. ಆದರೆ ಗಾಡಿ ಮೊದಲು ಸರಿ ಆಗಬೇಕು, ಜನ ಆಮೇಲೆ. ಈ ಕ್ರಮ ತಿರುಗಿಸಿದರೆ ಕೆಲಸ ಆಗುವುದಿಲ್ಲ.

ಎಲ್ಲ ಒಟ್ಟಿಗೆ ಸುರಿದರೆ ಏನಾಗುತ್ತದೆ ಅಂತ ನಮಗೆ ಬೇರೆ ಊರಿನ ಉದಾಹರಣೆ ಬೇಡ. 2019ರ ಆಗಸ್ಟ್ ನೆನಪಿದೆಯಾ? ಆ ವರ್ಷದ ಭಾರೀ ಮಳೆಗೆ, ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಕೆಳಗಿನ ಮಂದಾರ ಎಂಬ ಊರಿಗೆ ಜಾರಿತು. ಅಡಿಕೆ ತೋಟ, ತೆಂಗಿನ ತೋಟ, ಮನೆಗಳ ಮೇಲೆ ನಗರದ ಅಷ್ಟೂ ವರ್ಷಗಳ ಕಸ ಬಂದು ಕೂತಿತು. ಅಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳನ್ನು ಕುಲಶೇಖರದ ಫ್ಲ್ಯಾಟುಗಳಿಗೆ ಸಾಗಿಸಿದರು. ತೋಟ ಇದ್ದವರು, ಬಾವಿ ಇದ್ದವರು, ಹಟ್ಟಿ ಇದ್ದವರು ಫ್ಲ್ಯಾಟಿಗೆ. ಕಸದ ನೀರು ಫಲ್ಗುಣಿ ಹೊಳೆಗೆ ಇಳಿಯಿತು. 2023ರ ಜನವರಿಯಲ್ಲಿ ಅದೇ ಪಚ್ಚನಾಡಿ ಯಾರ್ಡಿಗೆ ಬೆಂಕಿ ಬಿದ್ದು ಸುತ್ತಲಿನವರು ಹೊಗೆ ಕುಡಿದರು. ಆ ಗುಡ್ಡದಲ್ಲಿ ಇದ್ದದ್ದು ಎಂತ? ಹಸಿ ಕಸ ಬೇರೆ ಇದ್ದಿದ್ದರೆ ಗೊಬ್ಬರ ಆಗುತ್ತಿತ್ತು. ಒಣ ಕಸ ಬೇರೆ ಇದ್ದಿದ್ದರೆ ಬೇಲ್ ಕಟ್ಟಿ ಲಾರಿ ಹತ್ತುತ್ತಿತ್ತು. ಎರಡೂ ಬೆರೆತದ್ದರಿಂದ ಎರಡೂ ಆಗಲಿಲ್ಲ. ಮೀನಿನ ನೀರು ತಾಗಿದ ರಟ್ಟನ್ನು ಯಾರು ಕೊಳ್ಳುತ್ತಾರೆ ಹೇಳಿ.

ಈಗ ನಗರದವರಿಗೆ ಸ್ವಲ್ಪ ನಾಚಿಕೆ ಆಗಬೇಕಾದ ವಿಷಯ. ಈ ಕೆಲಸವನ್ನು ಸರಿಯಾಗಿ ಮಾಡಿ ತೋರಿಸಿದ್ದು ಹಳ್ಳಿಗಳು. ಕುಂದಾಪುರ ಕಡೆಯ ವಂಡ್ಸೆ ಗ್ರಾಮ ಪಂಚಾಯತ್ ಹೆಸರು ಕೇಳಿರಬಹುದು. ವೆಲ್ಲೂರಿನ ಶ್ರೀನಿವಾಸನ್ ರೂಪಿಸಿದ ಎಸ್‌ಎಲ್‌ಆರ್‌ಎಂ (ಘನ, ದ್ರವ ಸಂಪನ್ಮೂಲ ನಿರ್ವಹಣೆ) ಪದ್ಧತಿಯನ್ನು ತಂದು, ಕಸ ಅಂದರೆ ಸಂಪನ್ಮೂಲ ಅಂತ ಮಾಡಿ ತೋರಿಸಿ, ಉಡುಪಿ ಜಿಲ್ಲೆಯ ಉಳಿದ ಪಂಚಾಯತ್‌ಗಳಿಗೆ ದಾರಿ ಹಾಕಿದ್ದು ಅದು. ಅಲ್ಲಿ ಗಾಡಿಯಿಂದ ಇಳಿದ ಕಸ ರಾಶಿ ಬೀಳುವುದಿಲ್ಲ. ಮೇಜಿನ ಮೇಲೆ ಹರಡಿ ಕೈಯಲ್ಲಿ ವಿಂಗಡಿಸುತ್ತಾರೆ, ಒಂದೊಂದಕ್ಕೂ ಒಂದೊಂದು ಡಬ್ಬಿ. ಹಾಲಿನ ತೊಟ್ಟೆಗೆ ಬೇರೆ, ಬಣ್ಣದ ಪ್ಲಾಸ್ಟಿಕ್‌ಗೆ ಬೇರೆ, ರಟ್ಟಿಗೆ ಬೇರೆ, ಗಾಜಿಗೆ ಬೇರೆ. ಈಗ ರಾಜ್ಯದ ಬಹಳಷ್ಟು ಗ್ರಾಮ ಪಂಚಾಯತ್‌ಗಳಲ್ಲಿ ಸ್ವಚ್ಛ ಸಂಕೀರ್ಣ ಅಂತ ಒಂದು ಶೆಡ್, ಸ್ವಚ್ಛ ವಾಹಿನಿ ಅಂತ ಒಂದು ಗಾಡಿ ಇದೆ. ಎಷ್ಟೋ ಕಡೆ ಗಾಡಿ ಓಡಿಸುವವರೂ ಸಂಜೀವಿನಿ ಸ್ವಸಹಾಯ ಸಂಘದ ಹೆಂಗಸರೇ. ಕಡಿದಾದ ಗುಡ್ಡೆ ರಸ್ತೆಯಲ್ಲಿ ರಿವರ್ಸ್ ತೆಗೆಯುವುದನ್ನು ನೋಡಿದರೆ ನಮ್ಮ ಸಿಟಿ ಬಸ್ ಡ್ರೈವರುಗಳು ಟೋಪಿ ತೆಗೆಯಬೇಕು.

ಪಂಚಾಯತ್ ಶೆಡ್ಡಿನಲ್ಲಿ ಒಟ್ಟಾದದ್ದು ಮುಂದೆ ಎಲ್ಲಿಗೆ? ಇದೇ ಮುಖ್ಯ ಪ್ರಶ್ನೆ, ಸಾಮಾನ್ಯವಾಗಿ ಇದನ್ನು ಯಾರೂ ಕೇಳುವುದಿಲ್ಲ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಎಂಆರ್‌ಎಫ್ ಘಟಕ ಇದೆ. ಮಂಗಳೂರು ಕಡೆ ತೆಂಕ ಎಡಪದವಿನಲ್ಲೂ ಅಂಥದ್ದೇ ಒಂದು ಇದೆ. ಸುತ್ತಲಿನ ಪಂಚಾಯತ್‌ಗಳಿಂದ ಲಾರಿ ಹೋಗಿ ಒಣ ಕಸ ತರುತ್ತದೆ. ಬೆಲ್ಟಿನ ಮೇಲೆ ಹರಿಯುವಾಗ ಎರಡೂ ಬದಿಯಲ್ಲಿ ನಿಂತವರು ತಮ್ಮ ಪಾಲಿನದ್ದನ್ನು ಎತ್ತಿಕೊಳ್ಳುತ್ತಾರೆ. ಮಾರುವಂಥದ್ದನ್ನು ಯಂತ್ರದಲ್ಲಿ ಒತ್ತಿ ಬೇಲ್ ಕಟ್ಟಿ ಮರುಬಳಕೆ ಕಾರ್ಖಾನೆಗೆ. ಚಿಪ್ಸ್ ಪ್ಯಾಕೆಟಿನಂಥ, ಪದರದ ಮೇಲೆ ಪದರ ಅಂಟಿಸಿದ ಪ್ಲಾಸ್ಟಿಕ್ ಬಿಡಿಸಲು ಬರುವುದಿಲ್ಲ, ಹಾಗಾಗಿ ಅದು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ. ಅದನ್ನು ಮರುಬಳಕೆ ಅನ್ನಬೇಕಾ ಬೇಡವಾ ಎಂಬ ತಕರಾರು ಬೇರೆ ಇದೆ. ಆದರೆ ಸಾವಿರ ಡಿಗ್ರಿ ಮೀರಿದ ಗೂಡಿನಲ್ಲಿ ಉರಿಯುವುದಕ್ಕೂ ನಮ್ಮ ಬಚ್ಚಲಲ್ಲಿ ಉರಿಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ.

ಒಂದು ಪಂಚಾಯತಿನವರು ತಾವೊಬ್ಬರೇ ಇದನ್ನು ಮಾಡಲು ಆಗುವುದಿಲ್ಲ. ಒಂದು ಊರಿನ ಟೆಟ್ರಾ ಪ್ಯಾಕಿಗೆ ಯಾವ ಲಾರಿಯೂ ಬರುವುದಿಲ್ಲ. ಹಲವು ಊರಿನದ್ದು ಸೇರಿದರೆ ಬರುತ್ತದೆ. ಒಣ ಕಸ ಪ್ರತಿ ಊರಿನಿಂದಲೂ ಬೇರೆಯಾಗಿ ಬರಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಇಷ್ಟ ಇದ್ದವರು ಮಾಡಿ ಅಂದರೆ ನಾಲ್ಕು ಊರಿನವರು ಮಾಡುತ್ತಾರೆ, ಲಾರಿ ಅರ್ಧ ಖಾಲಿ ಬರುತ್ತದೆ, ಘಟಕ ನಷ್ಟದಲ್ಲಿ ಮುಚ್ಚುತ್ತದೆ. ಆಮೇಲೆ, ನೋಡಿ ಇದೆಲ್ಲ ಆಗುವ ಕೆಲಸ ಅಲ್ಲ ಅಂತ ಭಾಷಣ.

ಹೊರದೇಶದವರು ಇದನ್ನು ಹೇಗೆ ಮಾಡಿದರು ಅಂತ ಸ್ವಲ್ಪ ಓದಿದೆ. ಅಮೆರಿಕದ ಆರೆಗಾನ್ ರಾಜ್ಯ 1983ರಲ್ಲೇ ಕಾನೂನು ಮಾಡಿ, 4,000ಕ್ಕಿಂತ ಜಾಸ್ತಿ ಜನ ಇರುವ ಪ್ರತಿ ಊರಿನಲ್ಲಿ ತಿಂಗಳಿಗೆ ಒಮ್ಮೆಯಾದರೂ ಮನೆ ಮುಂದಿನಿಂದ ಮರುಬಳಕೆಯ ಸಾಮಾನು ಒಯ್ಯುವ ವ್ಯವಸ್ಥೆ ಇರಬೇಕು ಅಂತ ಹೇಳಿತು. ಇಂಗ್ಲೆಂಡಿನಲ್ಲಿ 2003ರಲ್ಲಿ ಒಂದು ಕಾಯ್ದೆ ಬಂತು. 2010ರ ಕೊನೆಯೊಳಗೆ ಪ್ರತಿ ಸ್ಥಳೀಯ ಸಂಸ್ಥೆಯೂ ಕನಿಷ್ಠ ಎರಡು ಬಗೆಯ ಸಾಮಾನನ್ನಾದರೂ ಮನೆ ಬಾಗಿಲಿನಿಂದ ಬೇರೆಯಾಗಿ ಒಯ್ಯಬೇಕು, ಖರ್ಚು ವಿಪರೀತ ಆದರೆ, ಇಲ್ಲವೇ ಅದಕ್ಕೆ ಸಮನಾದ ಬೇರೆ ವ್ಯವಸ್ಥೆ ಇದ್ದರೆ ಮಾತ್ರ ವಿನಾಯಿತಿ. ನನಗೆ ಇಷ್ಟವಾದದ್ದು ಎರಡೂ ಕಾನೂನಿನ ಆಸೆ ಸಣ್ಣದು ಎಂಬುದು. ಎರಡು ಬಗೆ, ತಿಂಗಳಿಗೊಮ್ಮೆ, ಇಂತಿಷ್ಟು ವರ್ಷ. ಮಾಡಿದರೋ ಇಲ್ಲವೋ ಅಂತ ಯಾರು ಬೇಕಾದರೂ ಗೇಟಲ್ಲಿ ನಿಂತು ನೋಡಬಹುದು. ನಮ್ಮ ನಿಯಮದಲ್ಲಿ ಎಲ್ಲವೂ ಇದೆ, ಅದಕ್ಕೆ ಯಾವುದೂ ಆಗುವುದಿಲ್ಲ.

ಅಲ್ಲಿ ಎಲ್ಲ ಚೆನ್ನಾಗಿ ಆಯಿತು ಅಂತಲೂ ಅಲ್ಲ. ಅಮೆರಿಕದವರು ಒಯ್ದದ್ದರಲ್ಲಿ ಬಹಳಷ್ಟನ್ನು ಹಡಗಿನಲ್ಲಿ ಚೀನಾಕ್ಕೆ ಕಳಿಸುತ್ತಿದ್ದರು. 2018ರಲ್ಲಿ ಚೀನಾ ಬಾಗಿಲು ಹಾಕಿತು. ಆಗ ಎಷ್ಟೋ ಊರುಗಳು ಮರುಬಳಕೆಯ ಕಸವನ್ನು ಒಂದೋ ಸುಟ್ಟವು, ಇಲ್ಲವೇ ಗುಂಡಿಗೆ ಹಾಕಿದವು. ಅದೂ ನಮ್ಮ ಬಾಳೆಲೆ ಗಾಡಿಯ ಕಥೆಯೇ, ಸ್ವಲ್ಪ ದೊಡ್ಡದು. ಹಾಗಾಗಿ ಒಯ್ಯುವುದನ್ನು ಮಾತ್ರ ಕಡ್ಡಾಯ ಮಾಡಿದರೆ ಸಾಲದು. ಒಯ್ದದ್ದು ಎಲ್ಲಿಗೆ ಹೋಯಿತು, ಎಷ್ಟು ಮಾರಾಟವಾಯಿತು, ಎಷ್ಟು ಸಿಮೆಂಟ್ ಗೂಡಿಗೆ, ಎಷ್ಟು ಡಂಪಿಂಗ್ ಯಾರ್ಡಿಗೆ ಅಂತ ತಿಂಗಳು ತಿಂಗಳು ಕಚೇರಿಯ ಬೋರ್ಡಿನಲ್ಲಿ ಬರೆದು ಹಾಕುವುದೂ ಕಡ್ಡಾಯ ಆಗಬೇಕು. ಒಂದು ಚಾಕ್‌ಪೀಸ್ ಖರ್ಚು, ಅಷ್ಟೇ.

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಗುಜರಿಯವರಿಗೆ ಲಾಭ ಇಲ್ಲದ ಮಾಲಿನಲ್ಲಿ ಪಂಚಾಯತಿಗೆ ಲಾಭ ಬರುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಕಸದಿಂದ ರಸ ಅನ್ನುವುದೆಲ್ಲ ಬ್ಯಾನರಿಗೆ ಚೆಂದ. ಚಿಪ್ಸ್ ಪ್ಯಾಕೆಟ್ ಸಾಗಿಸುವುದೇ ಖರ್ಚು. ಇದು ಸೇವೆ, ಬೀದಿದೀಪದ ಹಾಗೆ, ಯಾರೂ ಬೀದಿದೀಪದಿಂದ ಲಾಭ ಕೇಳುವುದಿಲ್ಲ. ತೆರಿಗೆಯ ಜೊತೆ ಕಸದ ಶುಲ್ಕ ಅಂತ ನಾವು ಕಟ್ಟುತ್ತೇವೆ. ಇನ್ನೊಂದು ಪಾಲು ಆ ಪ್ಯಾಕೆಟ್ ಮಾಡಿ ಮಾರಿದ ಕಂಪನಿಗಳಿಂದ ಬರಬೇಕು. ಪ್ಲಾಸ್ಟಿಕ್ ಪ್ಯಾಕಿಂಗ್ ಮಾರುಕಟ್ಟೆಗೆ ಬಿಟ್ಟವರೇ ಅದರ ವಿಲೇವಾರಿಗೂ ಜವಾಬ್ದಾರರು ಅಂತ 2022ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿಯನ್ನೂ ತಂದಿದೆ. ಆ ದುಡ್ಡು ಬೆಲ್ಟಿನ ಪಕ್ಕದಲ್ಲಿ ದಿನವಿಡೀ ನಿಲ್ಲುವವರ ಸಂಬಳದವರೆಗೆ ಬಂದು ಮುಟ್ಟಬೇಕು, ನನ್ನ ಪ್ರಕಾರ ಪರೀಕ್ಷೆ ಅದು.

ಮತ್ತೆ ನಮ್ಮ ಕಡೆಯ ಎರಡು ವಿಷಯ, ಬೆಂಗಳೂರಿನಲ್ಲಿ ಕೂತು ನಿಯಮ ಬರೆಯುವವರಿಗೆ ಹೊಳೆಯದವು. ಒಂದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣ ಕಸ ಎಂಬುದೇ ಇರುವುದಿಲ್ಲ. ಗೇಟಿನಲ್ಲಿಟ್ಟ ರಟ್ಟು ಗಾಡಿ ಬರುವುದರೊಳಗೆ ಗಂಜಿ. ಹಾಗಾಗಿ ಗಾಡಿಗೆ ಮುಚ್ಚಳ ಬೇಕು, ಬರುವ ಸಮಯ ಖಚಿತ ಇರಬೇಕು, ಹತ್ತು ಗಂಟೆ ಅಂದರೆ ಹತ್ತು ಗಂಟೆ. ಹಾಗಾದರೆ ಮಾತ್ರ ಜಗಲಿಯಲ್ಲಿ ಇಟ್ಟುಕೊಂಡು ಗಾಡಿಯ ಸದ್ದು ಕೇಳಿದ ಮೇಲೆ ಹೊರಗೆ ತರಬಹುದು. ಇನ್ನೊಂದು ಗುಡ್ಡೆ. ಇಲ್ಲಿ ಮನೆಗಳು ಸಾಲಾಗಿ ರಸ್ತೆ ಬದಿಯಲ್ಲಿ ಇಲ್ಲ. ಒಂದು ಮನೆ ಮುರಕಲ್ಲಿನ ಮೆಟ್ಟಿಲು ಹತ್ತಿ ಮೇಲೆ, ಇನ್ನೊಂದು ತೋಟದಾಚೆ, ನಡುವೆ ತೋಡಿಗೆ ಅಡ್ಡ ಹಾಕಿದ ಸಂಕ. ಅಲ್ಲಿಗೆ ಗಾಡಿ ಹೋಗುವುದಿಲ್ಲ. ವಯಸ್ಸಾದವರು ಮಾತ್ರ ಇರುವ ಮನೆಗಳು ಈಗ ಎಷ್ಟು ಜಾಸ್ತಿ, ಮಕ್ಕಳೆಲ್ಲ ಬೆಂಗಳೂರು, ದುಬೈ. ಅವರು ಗಾಜಿನ ಚೀಲ ಹೊತ್ತು ರಸ್ತೆಗೆ ಇಳಿಯುವುದಿಲ್ಲ, ಬೇಲಿಯಾಚೆ ಎಸೆಯುತ್ತಾರೆ. ಇಂಥ ಮನೆಗಳಿಗೆ ಕೈಗಾಡಿಯೋ, ಗೋಣಿ ಹಿಡಿದು ಹೋಗುವವರೋ ಬೇಕು. ಆ ಕೆಲಸಕ್ಕೆ ಗುಜರಿಯವರನ್ನೇ ಯಾಕೆ ಕರೆಯಬಾರದು? ದಾರಿ ಅವರಿಗೆ ಗೊತ್ತು, ನಾಯಿಗಳಿಗೂ ಅವರ ಗುರುತಿದೆ. ಬೇಕಾದದ್ದನ್ನು ಅವರು ತೂಕಕ್ಕೆ ಕೊಂಡುಕೊಳ್ಳಲಿ, ಬೇಡದ್ದನ್ನೂ ಹೊತ್ತು ತಂದದ್ದಕ್ಕೆ ಪಂಚಾಯತ್ ಕೂಲಿ ಕೊಡಲಿ. ಕಸ ಆಯುವವರನ್ನು ಸೇರಿಸಿಕೊಳ್ಳಿ ಅಂತ ನಿಯಮದಲ್ಲೇ ಬರೆದಿದೆಯಲ್ಲ.

ನಾನು ಮಾಡಿದ್ದು ಇಷ್ಟು. ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆದು ನಮ್ಮ ಸ್ಥಳೀಯ ಸಂಸ್ಥೆಯ ಕಚೇರಿಗೆ ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಂಡು ಬಂದಿದ್ದೇನೆ. ಒಣ ಕಸಕ್ಕೆ ಬೇರೆ ಗಾಡಿ ಅಥವಾ ಬೇರೆ ಖಾನೆ ಯಾವಾಗ? ಒಯ್ದ ಒಣ ಕಸ ಯಾವ ಘಟಕಕ್ಕೆ ಹೋಗುತ್ತದೆ, ಅದರ ರಸೀದಿ ತೋರಿಸಬಹುದಾ? ಗಾಜನ್ನು ಯಾವ ದಿನ ಒಯ್ಯುತ್ತೀರಿ? ಸೀಲು ಹಾಕಿದವರು ಓದಿ, ಮೂರನೆಯದಕ್ಕೆ ಉತ್ತರ ಸಿಕ್ಕಿದರೆ ತಮಗೂ ಹೇಳಬೇಕಂತೆ, ಅವರ ಮನೆಯ ಹಿಂದೆಯೂ ಒಂದು ಗೋಣಿ ಬಾಟಲಿ ಇದೆಯಂತೆ.